ಎಣ್ಣೆ ಒತ್ತಡ: ಮುಳ್ಳು ಹೇಳುವುದೇನು, ಹೇಳದಿರುವುದೇನು?

ಹೀಗೊಂದು ರಾತ್ರಿಯನ್ನು ಊಹಿಸಿಕೊಳ್ಳಿ. ಮಂಗಳೂರಿನ ಬಂದರಿನಲ್ಲಿ ಮೀನಿನ ಪೆಟ್ಟಿಗೆಗಳನ್ನು ಮಂಜುಗಡ್ಡೆಯ ಸಮೇತ ತುಂಬಿಕೊಂಡ ಪಿಕಪ್ ಗಾಡಿಯೊಂದು ಹಾಸನದ ಮಾರುಕಟ್ಟೆಗೆ ಹೊರಟಿದೆ. ಗುಂಡ್ಯ ದಾಟಿದ ಮೇಲೆ ಶಿರಾಡಿ ಘಾಟಿಯ ಏರು. ಮೈತುಂಬ ಹೊರೆ, ಎರಡನೇ ಗಿಯರು, ಮುಂದೆ ಆಮೆಯಂತೆ ತೆವಳುವ ಟ್ಯಾಂಕರುಗಳ ಸಾಲು. ದೋಣಿಗಾಲ್ ತಲುಪುವ ಹೊತ್ತಿಗೆ ಎಂಜಿನ್ನು ಚೆನ್ನಾಗಿ ಕಾದಿದೆ. ಚಹಾದ ಅಂಗಡಿಯ ಮುಂದೆ ಗಾಡಿ ನಿಂತಿತು. ಎಂಜಿನ್ನನ್ನು ಹಾಗೆಯೇ ಓಡಲು ಬಿಟ್ಟು ಚಾಲಕ ಇಳಿಯಬೇಕು ಎನ್ನುವಷ್ಟರಲ್ಲಿ ಪಕ್ಕದಲ್ಲಿ ಕುಳಿತ ಮಗನ ಕಣ್ಣಿಗೆ ಅದು ಬಿತ್ತು. ಮೀಟರಿನ ಮೂಲೆಯಲ್ಲಿ, ಎಣ್ಣೆ ಗಿಂಡಿಯ ಆಕಾರದ ಕೆಂಪು ದೀಪವೊಂದು ಮಿಣುಕುತ್ತಿದೆ.

ಮಗ ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿ. ದಸರಾ ರಜೆಯಲ್ಲಿ ಅಪ್ಪನಿಗೆ ಜೊತೆಯಾಗಿ ಬಂದವನು.

"ಅಪ್ಪ, ಆಯಿಲ್ ದೀಪ ಹತ್ಕೊಂಡು ಆರ್ತಾ ಇದೆ ನೋಡು."

"ಘಾಟಿ ಹತ್ತಿದ ಗಾಡಿ ಕಣೋ, ಬಿಸಿಗೆ ಹಾಗಾಗುತ್ತೆ" ಎಂದು ತಂದೆ ಆಕ್ಸಿಲರೇಟರ್ ಒತ್ತಿ ಕೊಂಚ 'ರೇಸ್' ಕೊಟ್ಟರು. ದೀಪ ಆರಿತು. ಕಾಲು ತೆಗೆದರೆ ಮತ್ತೆ ಮಿಣುಕಿತು. ಎಂಜಿನ್ನು ನಿಲ್ಲಿಸಿ, ಐದು ನಿಮಿಷ ಬಿಟ್ಟು, ಬಾನೆಟ್ ಎತ್ತಿ ಡಿಪ್‌ಸ್ಟಿಕ್ ಎಳೆದು ನೋಡಿದರು. ಎಣ್ಣೆ ಮೇಲಿನ ಗೆರೆಯನ್ನೂ ಸ್ವಲ್ಪ ದಾಟಿದೆ!

"ನೋಡು, ಬೇಕಾದ್ದಕ್ಕಿಂತ ಜಾಸ್ತೀನೇ ಇದೆ. ದೀಪದ್ದೇ ಏನೋ ಕೆಟ್ಟಿರ್ಬೇಕು. ಹಾಸನ ಮುಟ್ಟಿಸಿ ನೋಡಿದ್ರಾಯ್ತು."

ಹಾಸನ ಇನ್ನೂ ನಲವತ್ತು ಕಿಲೋಮೀಟರಿಗೂ ಮೇಲಿದೆ. ಮಂಜುಗಡ್ಡೆ ಕರಗುತ್ತಿದೆ. ಗಾಡಿಯ ಸಾಲದ ಕಂತು ಇನ್ನೂ ಎರಡು ವರ್ಷ ಬಾಕಿ. ಈಗ ಹೇಳಿ: ತಂದೆಯ ಮಾತು ಸರಿಯೇ? ಎಣ್ಣೆ ತುಂಬಿದ್ದ ಮೇಲೆ ದೀಪ ಏಕೆ ಹೊತ್ತಿಕೊಳ್ಳಬೇಕು?

ಈ ಪ್ರಶ್ನೆಗೆ ಉತ್ತರ ಹುಡುಕಲು ಪಿಯುಸಿ ಭೌತಶಾಸ್ತ್ರಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ. ಆದರೆ ಅದನ್ನು ಪುಸ್ತಕದಿಂದ ಬಾನೆಟ್ಟಿನ ಕೆಳಕ್ಕೆ ಇಳಿಸಬೇಕು, ಅಷ್ಟೆ.

ಎಷ್ಟಿದೆ ಎಂಬುದು ಬೇರೆ, ಒತ್ತಡ ಬೇರೆ

ಎತ್ತಿನಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದುದನ್ನು ಹಿರಿಯರು ನೋಡಿರುತ್ತಾರೆ. ಅಲ್ಲಿ ಚಕ್ರದ ಸುತ್ತು ನಿಧಾನ. ಪ್ರಯಾಣಕ್ಕೆ ಮುಂಚೆ ಒಮ್ಮೆ ಹಚ್ಚಿದರೆ ಸಾಕಿತ್ತು. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುತ್ತದೆ. ಅದಕ್ಕೆ ಎಣ್ಣೆ ಹಚ್ಚಿದರೆ ಸಾಲದು, ಬಿಡುವಿಲ್ಲದೆ ಹರಿಯುತ್ತಲೇ ಇರಬೇಕು.

ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ತಟ್ಟೆಯಿದೆ. ಮೆಕ್ಯಾನಿಕ್‌ಗಳು ಅದನ್ನು ಚೇಂಬರ್ ಎನ್ನುತ್ತಾರೆ. ಅಲ್ಲಿಂದ ಒಂದು ಪುಟ್ಟ ಪಂಪು ಎಣ್ಣೆಯನ್ನು ಹೀರಿ, ಫಿಲ್ಟರಿನ ಮೂಲಕ ಹಾಯಿಸಿ, ಎಂಜಿನ್ನಿನ ಲೋಹದ ಮೈಯೊಳಗೆ ಕೊರೆದ ಕಾಲುವೆಗಳಿಗೆ ತಳ್ಳುತ್ತದೆ. ಕಾಲುವೆಗಳಿಂದ ಅದು ಬೇರಿಂಗುಗಳಿಗೆ, ವಾಲ್ವುಗಳನ್ನು ನಡೆಸುವ ಕ್ಯಾಮ್ ಶಾಫ್ಟಿಗೆ, ಟರ್ಬೊ ಇದ್ದರೆ ಅದಕ್ಕೆ ಹೋಗಿ, ಅಲ್ಲಲ್ಲಿಯ ಸಂದುಗಳಿಂದ ಸೋರಿ ಮತ್ತೆ ಚೇಂಬರಿಗೆ ತೊಟ್ಟಿಕ್ಕುತ್ತದೆ. ಡಿಪ್‌ಸ್ಟಿಕ್ ಹೇಳುವುದು ಚೇಂಬರಿನಲ್ಲಿ ಎಣ್ಣೆ ಎಷ್ಟಿದೆ ಎಂದು. ಒತ್ತಡದ ಮುಳ್ಳು ಅಥವಾ ದೀಪ ಹೇಳುವುದು ಕಾಲುವೆಯಲ್ಲಿ ಅದು ಎಷ್ಟು ಬಲದಿಂದ ನಿಂತಿದೆ ಎಂದು. ಬಾವಿಯಲ್ಲಿ ನೀರಿದ್ದ ಮಾತ್ರಕ್ಕೆ ನಲ್ಲಿಯಲ್ಲಿ ನೀರು ಬರಬೇಕೆಂದೇನೂ ಇಲ್ಲವಲ್ಲ!

ಇಲ್ಲಿ ಬಹಳ ಮಂದಿ ಎಡವುವ ಒಂದು ಸಂಗತಿಯಿದೆ. ಪಂಪು ಒತ್ತಡವನ್ನು ಉಂಟುಮಾಡುತ್ತದೆ ಎಂದು ನಾವೆಲ್ಲ ಭಾವಿಸುತ್ತೇವೆ. ನಿಜವಾಗಿ ಪಂಪು ಉಂಟುಮಾಡುವುದು ಹರಿವನ್ನು. ಅದರೊಳಗೆ ಎರಡು ಹಲ್ಲುಗಾಲಿಗಳು ಒಂದನ್ನೊಂದು ಕಚ್ಚಿಕೊಂಡು ತಿರುಗುತ್ತವೆ. ಪ್ರತಿ ಸುತ್ತಿಗೆ ಹಲ್ಲುಗಳ ನಡುವೆ ಸಿಕ್ಕಷ್ಟು ಎಣ್ಣೆ ಮುಂದಕ್ಕೆ ಹೋಗುತ್ತದೆ. ಮುಂದೆ ತಡೆಯಿಲ್ಲದಿದ್ದರೆ ಎಣ್ಣೆ ಸುಮ್ಮನೆ ಸುರಿದುಹೋಗುತ್ತದೆ, ಒತ್ತಡ ಸೊನ್ನೆ. ತಡೆ ಇದ್ದರೆ ಒತ್ತಡ ಹುಟ್ಟುತ್ತದೆ. ತೋಟದ ರಬ್ಬರ್ ಕೊಳವೆಯ ಬಾಯಿಗೆ ಹೆಬ್ಬೆರಳು ಇಟ್ಟಾಗ ನೀರು ರಭಸದಿಂದ ಚಿಮ್ಮುವುದು ಇದೇ ಕಾರಣಕ್ಕೆ. ಓಮನ ನಿಯಮ ಓದಿದ ವಿದ್ಯಾರ್ಥಿಗಳಿಗೆ ಇದು ಹೊಸದೆನಿಸಬಾರದು. ವಿದ್ಯುತ್ ಪ್ರವಾಹದ ಜಾಗದಲ್ಲಿ ಎಣ್ಣೆಯ ಹರಿವು, ರೋಧದ ಜಾಗದಲ್ಲಿ ಸಂದುಗಳ ಇಕ್ಕಟ್ಟು, ವಿಭವಾಂತರದ ಜಾಗದಲ್ಲಿ ಒತ್ತಡ. ಹರಿವನ್ನು ತಡೆಯಿಂದ ಗುಣಿಸಿದರೆ ಒತ್ತಡ.

ಆ ತಡೆ ಎಲ್ಲಿದೆ? ಮುಖ್ಯವಾಗಿ ಶಾಫ್ಟಿಗೂ ಬೇರಿಂಗಿಗೂ ನಡುವಿನ ಸಂದಿನಲ್ಲಿ. ಅದರ ಅಗಲ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರನೇ ಎರಡು ಮೂರು ಭಾಗದಿಂದ ಏಳೆಂಟು ಭಾಗ. ಹೆಚ್ಚೆಂದರೆ ತಲೆಗೂದಲಿನ ದಪ್ಪ! ಇಂಥ ಸಂದಿನಲ್ಲಿ ಹರಿಯುವ ದ್ರವಕ್ಕೆ ಒಂದು ವಿಚಿತ್ರ ನಿಯಮವಿದೆ. ಸೋರಿಕೆಯು ಸಂದಿನ ಅಗಲದ ಘನಕ್ಕೆ ಅನುಪಾತದಲ್ಲಿರುತ್ತದೆ. ಬೇರಿಂಗ್ ಸವೆದು ಸಂದು ಎರಡರಷ್ಟಾದರೆ, ಅದೇ ಒತ್ತಡದಲ್ಲಿ ಸೋರಿಕೆ ಎರಡರಷ್ಟಲ್ಲ, ಎಂಟರಷ್ಟು. ಪಂಪು ಕೊಡುವ ಎಣ್ಣೆ ಮೊದಲಿನಷ್ಟೇ ಇರುವುದರಿಂದ ಒತ್ತಡ ಕುಸಿಯುತ್ತದೆ. ಹಳೆಯ ಎಂಜಿನ್ನುಗಳಲ್ಲಿ ಮುಳ್ಳು ವರ್ಷದಿಂದ ವರ್ಷಕ್ಕೆ ಕೆಳಗಿಳಿಯುವುದರ ಗುಟ್ಟು ಇದೇ.

ಇನ್ನೊಂದು ಗುಟ್ಟು ಎಣ್ಣೆಯ ಸ್ನಿಗ್ಧತೆಯಲ್ಲಿದೆ. ಮಗುವಿಗೆ ಹರಳೆಣ್ಣೆ ಹಚ್ಚುವ ತಾಯಿ ಅದನ್ನು ಬೆಚ್ಚಗೆ ಮಾಡಿಕೊಳ್ಳುತ್ತಾಳೆ. ಬಿಸಿಯಾದೊಡನೆ ಅದು ತೆಳುವಾಗಿ ಹರಡುತ್ತದೆ. ಡೀಸೆಲ್ ಎಂಜಿನ್ನುಗಳಲ್ಲಿ ಬಹಳವಾಗಿ ಬಳಕೆಯಲ್ಲಿರುವ 15ಡಬ್ಲ್ಯು-40 ದರ್ಜೆಯ ಎಣ್ಣೆಯನ್ನು ತೆಗೆದುಕೊಳ್ಳಿ. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದರ ಸ್ನಿಗ್ಧತೆ ಸುಮಾರು 105ರಿಂದ 115 ಸೆಂಟಿಸ್ಟೋಕ್. 100 ಡಿಗ್ರಿಯಲ್ಲಿ ಸುಮಾರು 14ರಿಂದ 15. ಅಂದರೆ ಅದೇ ಎಣ್ಣೆ ಕಾದಾಗ ಏಳು ಪಟ್ಟಿಗೂ ಹೆಚ್ಚು ತೆಳುವಾಗುತ್ತದೆ. ತೆಳುವಾದರೆ ತಡೆ ಕಡಿಮೆ, ತಡೆ ಕಡಿಮೆಯಾದರೆ ಒತ್ತಡ ಕಡಿಮೆ. ದರ್ಜೆಯಲ್ಲಿರುವ ಡಬ್ಲ್ಯು ಎಂಬುದು ಚಳಿಗಾಲವನ್ನು ಸೂಚಿಸುವ ಇಂಗ್ಲಿಷ್ ಪದದ ಮೊದಲಕ್ಷರ. ಮೊದಲ ಸಂಖ್ಯೆ ತಣ್ಣಗಿರುವಾಗಿನ ನಡತೆಯನ್ನೂ ಎರಡನೆಯದು ಕಾದಾಗಿನ ನಡತೆಯನ್ನೂ ಹೇಳುತ್ತದೆ.

ಒಂದೇ ಗಾಡಿ, ಮೂರು ಅಂಕಿ

ಇಷ್ಟು ತಿಳಿದರೆ ಮುಳ್ಳಿನ ಏರಿಳಿತ ಅರ್ಥವಾಗತೊಡಗುತ್ತದೆ. ಬೆಳಗಿನ ತಣ್ಣನೆಯ ಎಂಜಿನ್ನನ್ನು ಚಾಲೂ ಮಾಡಿದಾಗ ಎಣ್ಣೆ ಗಟ್ಟಿ. ಮುಳ್ಳು ನಾಲ್ಕೈದು ಕಿಲೋವರೆಗೂ ಏರಿ ನಿಲ್ಲಬಹುದು. (ಕಿಲೋ ಎಂದರೆ ಇಲ್ಲಿ ಚದರ ಸೆಂಟಿಮೀಟರಿಗೆ ಒಂದು ಕಿಲೋಗ್ರಾಂ ಭಾರ. ಅದು ಸುಮಾರು 14.2 ಪಿ.ಎಸ್.ಐ.ಗೆ ಸಮ. ಮನೆಯ ಪ್ರೆಷರ್ ಕುಕ್ಕರ್ ಸೀಟಿ ಹೊಡೆಯುವಾಗ ಒಳಗೆ ಹೆಚ್ಚುವರಿಯಾಗಿರುವ ಒತ್ತಡವೂ ಹೆಚ್ಚುಕಡಿಮೆ ಇಷ್ಟೇ.) ಇನ್ನೂ ಏರದಂತೆ ತಡೆಯಲು ಒಂದು ಸ್ಪ್ರಿಂಗ್ ಕವಾಟವಿದೆ. ಒತ್ತಡ ಮಿತಿ ಮೀರಿದರೆ ಅದು ತೆರೆದುಕೊಂಡು ಹೆಚ್ಚಿನ ಎಣ್ಣೆಯನ್ನು ಹಿಂದಕ್ಕೆ ಬಿಡುತ್ತದೆ. ಕುಕ್ಕರಿನ ಸೀಟಿಯ ಕೆಲಸವೇ ಇದರದೂ.

ಅರ್ಧ ಗಂಟೆ ಓಡಿದ ಮೇಲೆ ಹೆದ್ದಾರಿಯ ವೇಗದಲ್ಲಿ ಮುಳ್ಳು ಮೂರು ನಾಲ್ಕು ಕಿಲೋಗೆ ಇಳಿದಿರುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗ, ಎಣ್ಣೆ ಕಾದಿದೆ, ಪಂಪಿನ ಸುತ್ತೂ ಕಡಿಮೆ; ಒಂದು ಕಿಲೋ ಆಸುಪಾಸು. ಮೂರೂ ಅಂಕಿಗಳು ಆರೋಗ್ಯದ ಲಕ್ಷಣವೇ. ಜ್ವರ ನೋಡುವ ಥರ್ಮಾಮೀಟರಿನಲ್ಲಿ ಎಲ್ಲರಿಗೂ ಎಲ್ಲ ಹೊತ್ತಿಗೂ ಒಂದೇ ಗೆರೆ. ಎಣ್ಣೆ ಒತ್ತಡಕ್ಕೆ ಅಂಥ ಒಂದೇ ಗೆರೆ ಇಲ್ಲ. "ಎಷ್ಟು ಕಿಲೋ ಇದೆ?" ಎಂದು ಕೇಳುವವರು "ಎಷ್ಟು ಬಿಸಿಯಲ್ಲಿ, ಎಷ್ಟು ಸುತ್ತಿನಲ್ಲಿ?" ಎಂದೂ ಕೇಳಬೇಕು.

ಕನಿಷ್ಠ ಎಷ್ಟಿರಬೇಕು? ಅಮೆರಿಕದ ಪಿಕಪ್ ಪ್ರಿಯರಲ್ಲಿ ಒಂದು ಹಳೆಯ ಲೆಕ್ಕಾಚಾರವಿದೆ: ಪ್ರತಿ ಸಾವಿರ ಸುತ್ತಿಗೆ 10 ಪಿ.ಎಸ್.ಐ. ನೆನಪಿಡಲು ಸುಲಭ. ಆದರೆ ಅಲ್ಲಿನ ಷೆವ್ರೊಲೆ ಸಿಲ್ವೆರಾಡೊ ಪಿಕಪ್‌ನ 5.3 ಲೀಟರ್ ವಿ-8 ಎಂಜಿನ್ನಿಗೆ ತಯಾರಕರೇ ಹೇಳಿದ ಕನಿಷ್ಠ ಮಿತಿ ಬೇರೆ. ಕಾದ ಎಂಜಿನ್ನಿನಲ್ಲಿ 1000 ಸುತ್ತಿಗೆ 6, 2000 ಸುತ್ತಿಗೆ 18, 4000 ಸುತ್ತಿಗೆ 24 ಪಿ.ಎಸ್.ಐ. ಬಾಯಿಲೆಕ್ಕವನ್ನು ನಂಬಿದವನು 4000 ಸುತ್ತಿನಲ್ಲಿ 40 ಕಾಣಲಿಲ್ಲವೆಂದು ಸುಮ್ಮನೆ ಎಂಜಿನ್ನು ಬಿಚ್ಚಿಸಬಹುದು! ಪ್ರತಿ ಎಂಜಿನ್ನಿಗೂ ಅದರದೇ ಕೈಪಿಡಿ ಪ್ರಮಾಣ. ಬಾಯಿಲೆಕ್ಕಗಳು ಚಹಾದಂಗಡಿಗೆ ಚೆನ್ನ.

ಬಿರಡೆ ಹಾರಿದ ಕಥೆ

ಇಷ್ಟಕ್ಕೂ ಒಂದೇ ಒಂದು ಕಿಲೋ ಒತ್ತಡ ಅಷ್ಟು ಭಾರದ ಶಾಫ್ಟನ್ನು ಎತ್ತಿ ಹಿಡಿಯುವುದು ಹೇಗೆ? ಪ್ರತಿ ಸ್ಫೋಟದಲ್ಲಿ ಪಿಸ್ಟನ್ನು ಟನ್ನುಗಟ್ಟಲೆ ಬಲದಿಂದ ಕೆಳಕ್ಕೆ ತಳ್ಳುತ್ತಿರುವಾಗ? ಎತ್ತಿ ಹಿಡಿಯುವುದಿಲ್ಲ ಎಂಬುದೇ ಉತ್ತರ. ಈ ಸತ್ಯ ಹೊರಬಿದ್ದ ಕಥೆ ಸ್ವಾರಸ್ಯಕರವಾಗಿದೆ.

1883ರ ಸುಮಾರಿಗೆ ಇಂಗ್ಲೆಂಡಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆಯು ರೈಲುಗಾಡಿಯ ಅಚ್ಚಿನ ಬೇರಿಂಗುಗಳ ಘರ್ಷಣೆಯನ್ನು ಅಳೆಯುವ ಕೆಲಸವನ್ನು ಬೋಚಂಪ್ ಟವರ್ ಎಂಬ ಎಂಜಿನಿಯರಿಗೆ ವಹಿಸಿತ್ತು. ಆತ ಅಚ್ಚಿನ ಕೆಳಭಾಗ ಎಣ್ಣೆಯಲ್ಲಿ ಮುಳುಗಿರುವಂತೆ ಮಾಡಿ, ಮೇಲೆ ಬೇರಿಂಗನ್ನು ಭಾರ ಹೇರಿ ಕೂರಿಸಿ ತಿರುಗಿಸುತ್ತಿದ್ದ. ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ಒಂದು ರಂಧ್ರ ಕೊರೆದ. ಅಚ್ಚು ತಿರುಗಿದೊಡನೆ ಎಣ್ಣೆ ಆ ರಂಧ್ರದಿಂದ ಮೇಲಕ್ಕೆ ಉಕ್ಕಿ ಬಂತು. ಗಲೀಜಾಗುತ್ತದೆಂದು ಬಿರಡೆ ಜಡಿದ. ಬಿರಡೆ ಹೊರಕ್ಕೆ ಬಂತು. ಮರದ ಬೆಣೆ ಬಡಿದ. ಅದೂ ನಿಲ್ಲಲಿಲ್ಲ. ಬೇರೆಯವರಾಗಿದ್ದರೆ ರಂಧ್ರವನ್ನು ಬೆಸೆದು ಮುಚ್ಚಿಬಿಡುತ್ತಿದ್ದರೇನೋ. ಟವರ್ ಅಲ್ಲಿ ಒತ್ತಡದ ಮಾಪಕವನ್ನೇ ಜೋಡಿಸಿದ. ಬೇರಿಂಗಿನ ಮೇಲೆ ಹೇರಿದ್ದ ಸರಾಸರಿ ಭಾರ ಚದರ ಅಂಗುಲಕ್ಕೆ 100 ಪೌಂಡ್. ಮಾಪಕವು 200ನ್ನೂ ದಾಟಿತು!

ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಎಳೆದು, ಕಿರಿದಾಗುತ್ತ ಹೋಗುವ ಸಂದಿನೊಳಗೆ ಬೆಣೆಯಂತೆ ತುರುಕುತ್ತದೆ. ಆ ಬೆಣೆಯಲ್ಲಿ ಹುಟ್ಟುವ ಒತ್ತಡವೇ ಅಚ್ಚನ್ನೂ ಬೇರಿಂಗನ್ನೂ ಬೇರೆಬೇರೆಯಾಗಿ ಇಡುತ್ತದೆ. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತದ ರೂಪ ಕೊಟ್ಟ. ಇಂದಿನ ಡೀಸೆಲ್ ಎಂಜಿನ್ನಿನ ಬೇರಿಂಗಿನೊಳಗೆ ಎಣ್ಣೆಯ ಪೊರೆಯಲ್ಲಿ ಹುಟ್ಟುವ ಒತ್ತಡ ನೂರಾರು ಕಿಲೋ.

ಕರಾವಳಿಯವರಿಗೆ ಇದನ್ನು ವಿವರಿಸಲು ಇಂಗ್ಲೆಂಡಿನವರೆಗೆ ಹೋಗಬೇಕಾಗಿಲ್ಲ. ಕಂಬಳದಲ್ಲಿ ಕನೆಹಲಗೆ ಎಂಬ ವಿಭಾಗವಿದೆ. ಕೋಣಗಳ ಹಿಂದೆ ಕಟ್ಟಿದ ಹಲಗೆಯ ಮೇಲೆ ಓಡಿಸುವವನು ನಿಂತಿರುತ್ತಾನೆ. ಹಲಗೆಯಲ್ಲಿ ರಂಧ್ರಗಳಿರುತ್ತವೆ. ಕೋಣಗಳು ಓಡಿದಂತೆ ಹಲಗೆಯ ಅಡಿಗೆ ನುಗ್ಗಿದ ಕೆಸರುನೀರು ಆ ರಂಧ್ರಗಳಿಂದ ಆಳೆತ್ತರವನ್ನೂ ಮೀರಿ ಚಿಮ್ಮುತ್ತದೆ. ಎಷ್ಟು ಎತ್ತರಕ್ಕೆ ಚಿಮ್ಮಿತು ಎಂಬುದರ ಮೇಲೆ ತೀರ್ಪು. ಟವರ್ ಕೊರೆದದ್ದೂ ಒಂದು ಬಗೆಯ ಕನೆಹಲಗೆಯನ್ನೇ! ಗದ್ದೆಗೆ ಯಾರೂ ಒತ್ತಡದಿಂದ ನೀರು ಪಂಪು ಮಾಡುವುದಿಲ್ಲ. ನೀರು ಇದ್ದರೆ ಸಾಕು, ಓಟವೇ ಒತ್ತಡವನ್ನು ಹುಟ್ಟಿಸುತ್ತದೆ. ಆದರೆ ಗದ್ದೆ ಒಣಗಿದರೆ ಹಲಗೆ ನೆಲಕ್ಕೆ ಉಜ್ಜುತ್ತದೆ.

ಎಂಜಿನ್ನಿನಲ್ಲಿ ಪಂಪಿನ ಕೆಲಸ ಗದ್ದೆ ಒಣಗದಂತೆ ನೋಡಿಕೊಳ್ಳುವುದು. ಮುಳ್ಳು ತೋರಿಸುವ ಆ ಒಂದೆರಡು ಕಿಲೋ ಶಾಫ್ಟನ್ನು ಎತ್ತುವ ಬಲವಲ್ಲ. ಕೊನೆಯ ಬೇರಿಂಗಿನವರೆಗೂ ಎಣ್ಣೆ ತಲುಪುತ್ತಿದೆ ಎಂಬುದರ ಗುರುತು. ಅದು ಸೊನ್ನೆಗೆ ಇಳಿದರೆ ಪೊರೆ ಹರಿಯುತ್ತದೆ, ಲೋಹಕ್ಕೆ ಲೋಹ ತಾಗುತ್ತದೆ, ಬೇರಿಂಗಿನ ಮೆದು ಲೋಹ ಕರಗಿ ಶಾಫ್ಟಿಗೆ ಅಂಟುತ್ತದೆ. 'ಎಂಜಿನ್ ಸೀಜ್ ಆಯ್ತು' ಎಂದು ಗ್ಯಾರೇಜಿನಲ್ಲಿ ಹೇಳುವುದು ಈ ಅವಸ್ಥೆಯನ್ನೇ. ನಿಮಿಷಕ್ಕೆ ಲಕ್ಷ ಸುತ್ತಿಗೂ ಮೀರಿ ತಿರುಗುವ ಟರ್ಬೊ ಅದಕ್ಕೂ ಮುಂಚೆಯೇ ಕೈಕೊಡಬಹುದು. ಇದಕ್ಕೆಲ್ಲ ಗಂಟೆಗಳು ಬೇಕಾಗಿಲ್ಲ, ನಿಮಿಷಗಳು ಸಾಕು.

ಮುಳ್ಳು ಸುಳ್ಳು ಹೇಳಿದರೆ?

ಮೊದಲ ಕಾಲದ ಮಾಪಕಗಳು ಸರಳ, ಪ್ರಾಮಾಣಿಕ. ಪ್ಯಾರಿಸ್ಸಿನ ಯೂಜೀನ್ ಬೂರ್ಡನ್ 1849ರಲ್ಲಿ ಹಕ್ಕುಪತ್ರ ಪಡೆದ ವಿಧಾನವದು. ಜಾತ್ರೆಯಲ್ಲಿ ಮಕ್ಕಳು ಊದುವ ಸುರುಳಿ ಪೀಪಿಯನ್ನು ನೆನಪಿಸಿಕೊಳ್ಳಿ. ಊದಿದರೆ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಸುತ್ತಿಕೊಳ್ಳುತ್ತದೆ. ಹಾಗೆಯೇ ಬಾಗಿಸಿದ ಚಪ್ಪಟೆ ಲೋಹದ ನಳಿಕೆಯೊಳಗೆ ಎಣ್ಣೆಯ ಒತ್ತಡ ಹೊಕ್ಕರೆ ಅದು ಕೊಂಚ ನೆಟ್ಟಗಾಗುತ್ತದೆ, ಆ ಚಲನೆ ಮುಳ್ಳನ್ನು ತಿರುಗಿಸುತ್ತದೆ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲೂ ಎಣ್ಣೆ ಒತ್ತಡದ ಮುಳ್ಳು ಇತ್ತು. ಆಮೇಲೆ ಎಣ್ಣೆಯ ನಳಿಕೆಯನ್ನು ಚಾಲಕನ ಮುಂದಿನವರೆಗೆ ತರುವುದೇಕೆಂದು ವಿದ್ಯುತ್ ಮಾಪಕಗಳು ಬಂದವು. ಎಂಜಿನ್ನಿಗೆ ಸಿಕ್ಕಿಸಿದ ಒಂದು ಗುಂಡಿಯೊಳಗೆ ತೆಳುವಾದ ಲೋಹದ ಪೊರೆ. ಒತ್ತಡಕ್ಕೆ ಅದು ಉಬ್ಬಿದಂತೆ ರೋಧ ಬದಲಾಗುತ್ತದೆ, ತಂತಿಯ ಮೂಲಕ ಮುಳ್ಳು ಆಡುತ್ತದೆ.

ಮುಳ್ಳಿನ ಇತಿಹಾಸದಲ್ಲಿ ತಮಾಷೆಯ ಅಧ್ಯಾಯವೂ ಒಂದಿದೆ. 1980ರ ದಶಕದ ಕೊನೆಯಲ್ಲಿ ಅಮೆರಿಕದ ಫೋರ್ಡ್ ಕಂಪನಿ ತನ್ನ ಪಿಕಪ್‌ಗಳಲ್ಲಿ ಮುಳ್ಳನ್ನು ಹಾಗೆಯೇ ಉಳಿಸಿ, ಎಂಜಿನ್ನಿನ ಬಳಿ ಇದ್ದ ನಿಜವಾದ ಮಾಪಕ ಗುಂಡಿಯ ಬದಲು ಬರೀ ಸ್ವಿಚ್ಚನ್ನು ಇಟ್ಟಿತು. ಒತ್ತಡ ಐದಾರು ಪಿ.ಎಸ್.ಐ. ದಾಟಿದರೆ ಸಾಕು, ಮುಳ್ಳು ನೇರ ಮಧ್ಯಕ್ಕೆ ಹೋಗಿ ನಿಲ್ಲುತ್ತದೆ. ಒತ್ತಡ 10 ಇದ್ದರೂ ಮಧ್ಯ, 60 ಇದ್ದರೂ ಮಧ್ಯ. ಮುಳ್ಳು ಸಹಜವಾಗಿ ಏರಿಳಿಯುವುದನ್ನು ಕಂಡು ಗಾಬರಿಯಾದ ಮಾಲೀಕರು ಷೋರೂಮಿಗೆ ಓಡಿ ಬರುತ್ತಿದ್ದುದೇ ಇದಕ್ಕೆ ಕಾರಣವೆಂದು ಹೇಳುವುದುಂಟು. ಜನರಿಗೆ ಏರಿಳಿತದ ಅರ್ಥ ಹೇಳಿಕೊಡುವುದಕ್ಕಿಂತ ಮುಳ್ಳನ್ನು ಕಟ್ಟಿಹಾಕುವುದು ಸುಲಭವೆನಿಸಿರಬೇಕು! ಕೆಲವು ಮಾಲೀಕರು ಮತ್ತೆ ನಿಜವಾದ ಮಾಪಕ ಗುಂಡಿಯನ್ನು ಹಾಕಿಸಿಕೊಂಡರು.

ನಮ್ಮಲ್ಲಿ ಓಡುವ ಪಿಕಪ್‌ಗಳಲ್ಲಿ ಹೆಚ್ಚಿನವಕ್ಕೆ ಮುಳ್ಳೇ ಇಲ್ಲ. ಇರುವುದು ಗಿಂಡಿಯ ದೀಪ ಮಾತ್ರ. ಹಳೆಯ ಸರಳ ಜೋಡಣೆಯಲ್ಲಿ ಅದರ ತರ್ಕವನ್ನು ವಿದ್ಯಾರ್ಥಿಗಳು ಕಾಗದದ ಮೇಲೆ ಬರೆದು ನೋಡಬಹುದು. ಒತ್ತಡವಿಲ್ಲದಾಗ ಸ್ವಿಚ್ಚು ಮುಚ್ಚಿರುತ್ತದೆ, ಎಂಜಿನ್ನಿನ ಮೈಯ ಮೂಲಕ ಮಂಡಲ ಪೂರ್ಣವಾಗಿ ದೀಪ ಬೆಳಗುತ್ತದೆ. ಒತ್ತಡ ಸುಮಾರು ಕಾಲು ಕಿಲೋದಿಂದ ಅರ್ಧ ಕಿಲೋ ಬಂದರೆ ಸ್ವಿಚ್ಚು ತೆರೆದುಕೊಂಡು ದೀಪ ಆರುತ್ತದೆ. ಆದ್ದರಿಂದ ಕೀಲಿ ತಿರುಗಿಸಿ ಇನ್ನೂ ಎಂಜಿನ್ನು ಚಾಲೂ ಮಾಡದಿರುವಾಗ ದೀಪ ಬೆಳಗಲೇಬೇಕು. ಬೆಳಗದಿದ್ದರೆ? ಬಲ್ಬು ಸುಟ್ಟಿದೆ ಅಥವಾ ತಂತಿ ತುಂಡಾಗಿದೆ. ಅಂಥ ಗಾಡಿಯಲ್ಲಿ ಎಣ್ಣೆಯೆಲ್ಲ ಸೋರಿಹೋದರೂ ದೀಪ ತೆಪ್ಪಗಿರುತ್ತದೆ. ತಂತಿಯ ಹೊದಿಕೆ ಸವೆದು ಎಂಜಿನ್ನಿನ ಮೈಗೆ ತಾಗಿದರೆ ಇದಕ್ಕೆ ಉಲ್ಟಾ: ಒತ್ತಡ ಚೆನ್ನಾಗಿದ್ದರೂ ದೀಪ ಆರುವುದೇ ಇಲ್ಲ. ಈಚಿನ ಗಾಡಿಗಳಲ್ಲಿ ದೀಪವನ್ನು ನಿಯಂತ್ರಿಸುವುದು ಗಣಕ. ಆದರೂ ಕೀಲಿ ತಿರುಗಿಸಿದಾಗಿನ ಪರೀಕ್ಷೆ ಸಾಮಾನ್ಯವಾಗಿ ಅದೇ.

ದೀಪ ಆರಿದೆ ಎಂದರೆ ಒತ್ತಡ ಸರಿಯಾಗಿದೆ ಎಂದು ಅರ್ಥವಲ್ಲ ಎಂಬುದನ್ನೂ ಗಮನಿಸಿ. ಅರ್ಧ ಕಿಲೋಗಿಂತ ಮೇಲಿದೆ ಎಂದಷ್ಟೇ ಅರ್ಥ. ಹೆದ್ದಾರಿಯಲ್ಲಿ ಮೂರು ಕಿಲೋ ಬೇಕಾದಲ್ಲಿ ಒಂದೇ ಕಿಲೋ ಇದ್ದರೂ ದೀಪಕ್ಕೆ ಅದು ಗೊತ್ತಾಗದು. ಮುಳ್ಳಿರುವ ಗಾಡಿಯಲ್ಲೂ ಅತಿ ಹೆಚ್ಚು ಒತ್ತಡ ಒಳ್ಳೆಯ ಸುದ್ದಿಯಲ್ಲ. ಮಾಪಕ ಗುಂಡಿಯ ಮುಂದಿನ ಕಾಲುವೆ ಕಸದಿಂದ ಕಟ್ಟಿಕೊಂಡರೆ, ಹೆಬ್ಬೆರಳಿಟ್ಟ ಕೊಳವೆಯಂತೆ, ಹಿಂದೆ ಒತ್ತಡ ಏರುತ್ತದೆ, ಮುಂದಿನ ಬೇರಿಂಗಿಗೆ ಎಣ್ಣೆ ಸಿಗುವುದಿಲ್ಲ.

ಹಳೆಯ ಪಿಕಪ್ ಕೊಳ್ಳಲು ಹೊರಟವರು ಇದೊಂದನ್ನು ತಿಳಿದಿರಬೇಕು. ಸವೆದ ಎಂಜಿನ್ನಿಗೆ ಹೆಚ್ಚು ಗಟ್ಟಿಯಾದ ಎಣ್ಣೆ ಸುರಿದರೆ ದೀಪ ಆರುತ್ತದೆ, ಮುಳ್ಳು ಏರುತ್ತದೆ. ಬೇರಿಂಗೇನೂ ಬೆಳೆಯುವುದಿಲ್ಲ. ಬೆಳಗ್ಗೆ ತಣ್ಣನೆಯ ಎಂಜಿನ್ನನ್ನು ತೋರಿಸಿ "ನೋಡಿ, ದೀಪ ಹೇಗೆ ಪಕ್ಕನೆ ಆರಿತು" ಎನ್ನುವ ಮಾರಾಟಗಾರನ ಮಾತಿಗೆ ತಲೆಯಾಡಿಸಬೇಡಿ. ಒಂದು ಗಂಟೆ ಓಡಿಸಿ, ಏರು ಹತ್ತಿಸಿ, ಚೆನ್ನಾಗಿ ಕಾದ ಮೇಲೆ ಕಾಲು ತೆಗೆದು ಮೀಟರಿನ ಕಡೆ ನೋಡಿ.

ಮತ್ತೆ ದೋಣಿಗಾಲ್‌ಗೆ

ದೀಪ ಯಾವಾಗ ಮಿಣುಕುತ್ತದೆ ಎಂಬುದೇ ಅರ್ಧ ರೋಗನಿದಾನ. ತಿರುವಿನಲ್ಲಿ, ಬ್ರೇಕ್ ಒತ್ತಿದಾಗ ಮಿಣುಕಿದರೆ ಬಹುತೇಕ ಎಣ್ಣೆಯೇ ಕಡಿಮೆ. ಚೇಂಬರಿನಲ್ಲಿ ಅದು ಒಂದು ಬದಿಗೆ ಸರಿದಾಗ ಪಂಪು ಗಾಳಿಯನ್ನು ಹೀರುತ್ತದೆ. ನಮ್ಮ ಪಿಕಪ್‌ನಲ್ಲಿ ಘಾಟಿಯ ತಿರುವುಗಳಲ್ಲೆಲ್ಲ ದೀಪ ಸುಮ್ಮನಿತ್ತು. ಮಿಣುಕಿದ್ದು ಕಾದ ಎಂಜಿನ್ನು ನಿಧಾನಕ್ಕೆ ತಿರುಗುವಾಗ. ಹಾಗಾದರೆ ಕಾರಣ ಮೂರು. ಎಣ್ಣೆ ತೆಳುವಾಗಿರಬೇಕು, ಇಲ್ಲವೇ ಬೇರಿಂಗ್ ಅಥವಾ ಪಂಪು ಸವೆದಿರಬೇಕು, ಅಥವಾ ಸ್ವಿಚ್ಚು ಕೆಟ್ಟಿರಬೇಕು. ತಂದೆ ಆರಿಸಿಕೊಂಡದ್ದು ಮೂರನೆಯದನ್ನು. ಸಹಜವೇ, ಅದೇ ಅಗ್ಗದ ಕಾರಣ.

ಮಗ ಡಿಪ್‌ಸ್ಟಿಕ್ಕನ್ನು ಮತ್ತೆ ಎಳೆದ. ಎಣ್ಣೆ ಗೆರೆ ದಾಟಿದ್ದೇಕೆ? ಎಣ್ಣೆ ಬದಲಾಯಿಸಿ ಮೂರು ತಿಂಗಳಾಯಿತು, ಮೇಲೆ ಯಾರೂ ಸುರಿದಿಲ್ಲ. ಎಂಜಿನ್ನಿನಲ್ಲಿ ಎಣ್ಣೆ ಕಡಿಮೆಯಾಗುವುದುಂಟು, ತಾನಾಗಿ ಹೆಚ್ಚುವುದುಂಟೇ? ಬೆರಳಿಗೆ ಹಚ್ಚಿ ಮೂಸಿದ. "ಅಪ್ಪ, ಇದು ಡೀಸೆಲ್ ವಾಸನೆ."

ಇಂಜೆಕ್ಟರ್ ಸರಿಯಾಗಿ ಮುಚ್ಚಿಕೊಳ್ಳದೆ ತೊಟ್ಟಿಕ್ಕಿದರೆ, ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಗುಂಟ ಇಳಿದು ಚೇಂಬರ್ ಸೇರುತ್ತದೆ. ಎಣ್ಣೆಯ ಮಟ್ಟ ಏರುತ್ತದೆ, ಸ್ನಿಗ್ಧತೆ ಇಳಿಯುತ್ತದೆ. ನೀರು ಬೆರೆಸಿದ ಹಾಲಿನಂತೆ, ಪಾತ್ರೆ ತುಂಬಿದೆ, ಸತ್ವವಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಜಾರಿಯಾದ ನಂತರದ ಡೀಸೆಲ್ ಗಾಡಿಗಳಲ್ಲಿ ಇದಕ್ಕೆ ಇನ್ನೊಂದು ದಾರಿಯೂ ಇದೆ. ಹೊಗೆಯ ಮಸಿ ಹಿಡಿಯುವ ಶೋಧಕವನ್ನು ಆಗಾಗ ಸುಟ್ಟು ಚೊಕ್ಕ ಮಾಡಲು ಕೆಲವು ಎಂಜಿನ್ನುಗಳು ಸಿಲಿಂಡರಿಗೇ ಹೆಚ್ಚುವರಿ ಡೀಸೆಲ್ ಬಿಡುತ್ತವೆ. ಸುಡುವ ಕೆಲಸ ಮುಗಿಯುವ ಮುಂಚೆಯೇ ಪದೇಪದೇ ಎಂಜಿನ್ನು ನಿಲ್ಲಿಸುವವರ ಗಾಡಿಯಲ್ಲಿ ಅದರ ಸ್ವಲ್ಪ ಪಾಲು ಎಣ್ಣೆಗೆ ಇಳಿಯುತ್ತದೆ. ಇಂಥ ಗಾಡಿಗಳ ಡಿಪ್‌ಸ್ಟಿಕ್ ನೋಡುವವರು ಕೆಳಗಿನ ಗೆರೆಯಷ್ಟೇ ಮೇಲಿನ ಗೆರೆಯನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕಾಗಿದೆ.

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಸಕಲೇಶಪುರದ ಪರಿಚಯದವರಿಗೆ ಫೋನ್ ಮಾಡಿ ಇನ್ನೊಂದು ಪಿಕಪ್ ಕರೆಸಿದರು. ಪೆಟ್ಟಿಗೆಗಳನ್ನೆಲ್ಲ ದೀಪದ ಬೆಳಕಿನಲ್ಲಿ ದಾಟಿಸಿದ್ದಾಯಿತು. ಆ ರಾತ್ರಿಯ ಬಾಡಿಗೆಯಲ್ಲಿ ಅವರಿಗೆ ಉಳಿದದ್ದು ಚಹಾದ ಕಾಸು.

ಬೆಳಗ್ಗೆ ಗಾಡಿಯನ್ನು ಹಗ್ಗ ಕಟ್ಟಿ ಗ್ಯಾರೇಜಿಗೆ ತಂದರು. ಮೆಕ್ಯಾನಿಕ್ ದೀಪದ ಸ್ವಿಚ್ಚನ್ನು ಬಿಚ್ಚಿ, ಅದೇ ಜಾಗಕ್ಕೆ ಕೈಮಾಪಕವನ್ನು ತಿರುಗಿಸಿ ಕೂರಿಸಿದರು. ತಣ್ಣಗಿದ್ದಾಗ ಎರಡೂವರೆ ಕಿಲೋ. ಕಾಯಿಸಿ ನೋಡಿದರೆ ನಿಧಾನದ ಓಟದಲ್ಲಿ 0.4. ಸ್ವಿಚ್ಚು ಸುಳ್ಳು ಹೇಳಿರಲಿಲ್ಲ. ಎರಡನೇ ಇಂಜೆಕ್ಟರ್ ತೊಟ್ಟಿಕ್ಕುತ್ತಿತ್ತು. ಅದನ್ನು ಸರಿಪಡಿಸಿ, ಎಣ್ಣೆ ಮತ್ತು ಫಿಲ್ಟರ್ ಬದಲಿಸಿ, ಮತ್ತೆ ಅರ್ಧ ಗಂಟೆ ಕಾಯಿಸಿ ನೋಡಿದಾಗ ಮಾಪಕ 1.2ರಲ್ಲಿ ನಿಂತಿತು, 2000 ಸುತ್ತಿಗೆ 3.1. ಮೆಕ್ಯಾನಿಕ್ ಮಾಪಕ ಬಿಚ್ಚುವ ಮುಂಚೆ ಮಗ ಪೆನ್ನು ತೆಗೆದು, ಗಾಡಿಯ ಕಾಗದಪತ್ರದ ಕವರಿನ ಹಿಂಬದಿಯಲ್ಲಿ ತಾರೀಕು ಹಾಕಿ ಎರಡೂ ಅಂಕಿಗಳನ್ನು ಬರೆದುಕೊಂಡ.

"ಅದ್ಯಾಕೆ ಬರೀತೀಯ?" ಎಂದರು ತಂದೆ.

"ಮುಂದಿನ ವರ್ಷ ನೋಡೋದಕ್ಕೆ" ಎಂದ.